ಬುಧವಾರ, ರವಿವಾರ ವಿಶ್ರಾಂತಿ

ಪುಣೆ
3 ಆಗಸ್ಟ್ 2003

ನನ್ನ ಸೈಕಲ್ ಕಸಿದುಕೊಂಡ ತಂಗಿ ಯಮನವ್ವಳಿಗೆ,

ಬಂದು ಮುಟ್ಟಿದ್ದೇನೆ. ಅವ್ವ ಕಟ್ಟಿಕೊಟ್ಟ ರೊಟ್ಟಿ ಸೊಲ್ಲಾಪುರ ದಾಟುವ ಮೊದಲೇ ಮುಗಿದವು. ಹಾಸ್ಟೆಲ್ಲಿನ ಊಟದ ವಿಷಯ ಬರೆಯುವುದಿಲ್ಲ, ಓದಿದರೆ ಅವ್ವ ಬಸ್ಸು ಹತ್ತಿ ಬಂದುಬಿಡುತ್ತಾಳೆ.

ನಾನು ಏನು ಕಲಿಯಲು ಹೋಗುತ್ತಿದ್ದೇನೆ ಅಂತ ಅಪ್ಪ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವ ತನಕ ಕೇಳಿದ. ಈಗ ನನಗೂ ಸ್ವಲ್ಪ ತಿಳಿದಿದೆ, ಅವನಿಗೆ ಓದಿ ಹೇಳು. ಕೋರ್ಸು ಒಂದೇ, ಮುಖ ಎರಡು. ಬೆಳಿಗ್ಗೆ ಕ್ರೀಡಾ ವಿಜ್ಞಾನ. ಓಡುವವರ ಎದೆ, ಉಸಿರು, ಮಾಂಸ, ಎಲುಬು ಹೇಗೆ ಕೆಲಸ ಮಾಡುತ್ತವೆ, ಯಾವಾಗ ದಣಿಯುತ್ತವೆ, ಹೇಗೆ ಬಲಿಯುತ್ತವೆ ಅಂತ ಕಲಿಸುತ್ತಾರೆ. ಮಧ್ಯಾಹ್ನ ಕ್ರೀಡಾ ವ್ಯವಹಾರ. ಪಂದ್ಯ ಹೇಗೆ ನಡೆಸಬೇಕು, ಪ್ರಾಯೋಜಕರನ್ನು ಹೇಗೆ ಹಿಡಿಯಬೇಕು, ಬೆಳಿಗ್ಗೆ ಕೊಯ್ದು ನೋಡಿದ ಅದೇ ಓಟಗಾರನನ್ನು ಜನ ಇಷ್ಟಪಡುವ ಹಾಗೆ ಹೇಗೆ ತೋರಿಸಬೇಕು ಅಂತ. ಬೆಳಗಿನ ಪ್ರೊಫೆಸರು ಮಧ್ಯಾಹ್ನದವರ ಜೊತೆ ಚಹಾ ಕುಡಿಯುವುದಿಲ್ಲ. ಇಬ್ಬರಿಗೂ ನಮಸ್ಕಾರ ಹೊಡೆಯುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ಈಗ ಕೆಲಸದ ಮಾತು. ಎಷ್ಟು ಸೈಕಲ್ ರೇಸ್ ಹೊಡೆದರೂ ನಾನು ಜಿಲ್ಲೆ ದಾಟಲಿಲ್ಲ. ಅದು ಯಾಕೆ ಅಂತ ಇಲ್ಲಿ ಒಂದೇ ವಾರದಲ್ಲಿ ತಿಳಿಯಿತು. ಕಲಿಸಿದ ಖಾಸಿಂಸಾಬ ಕಾಕಾ ನನ್ನನ್ನು ದಿನಾಲು ಓಡಿಸಿದ, ಒಂದು ದಿನವೂ ನಿಲ್ಲಿಸಲಿಲ್ಲ. ಶರೀರ ಬಲಿಯುವುದು ಓಡುವಾಗ ಅಲ್ಲ, ಸುಮ್ಮನಿರುವಾಗ. ಅದಕ್ಕೇ ನಿನಗೆ ಒಂದು ಪಟ್ಟಿ ಹಾಕಿ ಕಳಿಸಿದ್ದೇನೆ. ಯಾವ ದಿನ ಹುನಗುಂದದ ತನಕ, ಯಾವ ದಿನ ಅಮೀನಗಡದ ತನಕ, ಎಲ್ಲಿ ಜೋರು, ಎಲ್ಲಿ ನಿಧಾನ, ಎಲ್ಲ ಇದೆ. ರವಿವಾರ ಪೂರ್ತಿ ವಿಶ್ರಾಂತಿ. ದಿನಾಲು ಎದ್ದ ಕೂಡಲೇ, ಹಾಸಿಗೆಯಲ್ಲೇ, ಮಣಿಕಟ್ಟು ಹಿಡಿದು ನಾಡಿ ಎಣಿಸಿ ನನಗೆ ಬರೆ. ನಾಡಿ ಇಳಿಯುತ್ತ ಹೋದರೆ ನೀನು ಬಲಿಯುತ್ತಿದ್ದೀ ಅಂತ ಅರ್ಥ. ಏರಿದರೆ ಎಲ್ಲೋ ತಪ್ಪಿದೆ ಅಂತ.

ಮುಂದಿನ ವರ್ಷದ ಕೊನೆಗೆ ಬಾಗಲಕೋಟೆಯಲ್ಲಿ ರಾಜ್ಯ ತಂಡದ ಆಯ್ಕೆ. ನಾನು ಹಾಕದ ಆ ಅಂಗಿ ನೀನು ಹಾಕಬೇಕು.

ರಾಜಕುಮಾರ


ಇಳಕಲ್
19 ಆಗಸ್ಟ್ 2003

ಸೈಕಲ್ ಕೊಟ್ಟದ್ದು ಸಾಲದೆ ಬುದ್ಧಿಯನ್ನೂ ಅಂಚೆಯಲ್ಲಿ ಕಳಿಸುವ ಅಣ್ಣನಿಗೆ,

ಮಾತಾಡಿದ ಹಾಗೇ ಬರೆಯಬೇಕು ಅಂದುಕೊಂಡಿದ್ದೆ. ಪೆನ್ನು ಹಿಡಿದರೆ ಸಾಲಿಯ ಕನ್ನಡವೇ ಬರುತ್ತದೆ, ನಗಬೇಡ.

ನಿನ್ನ ಪಟ್ಟಿಯನ್ನು ಖಾಸಿಂಸಾಬ ಕಾಕಾ ಅಂಗಡಿಯಲ್ಲಿ ಪಂಕ್ಚರ್ ಹಾಕುವುದನ್ನು ಬಿಟ್ಟು ಎರಡು ಸಲ ಓದಿಸಿಕೊಂಡ. ರವಿವಾರ ರಜೆ ಅಂದದ್ದಕ್ಕೆ ಮುಖ ಸಣ್ಣದು ಮಾಡಿದ. ಆಮೇಲೆ ಮೊಪೆಡ್ ಒರೆಸುತ್ತ, "ನಿಮ್ಮಣ್ಣ ಕಲಿಯಾಕ ಹೋಗ್ಯಾನೋ, ನಮಗ ಕಲಿಸಾಕ ಹೋಗ್ಯಾನೋ" ಅಂದ. ಆದರೂ ಕೇಳುತ್ತಾನೆ. ನಸುಕಿನಲ್ಲಿ ನಾನು ಮುಂದೆ, ಅವನ ಮೊಪೆಡ್ ಹಿಂದೆ. ಕೆಂಪು ಕಲ್ಲಿನ ಲಾರಿಗಳು ನಮ್ಮ ಪಕ್ಕಕ್ಕೇ ಬಂದು ಹಾರ್ನ್ ಹೊಡೆಯುತ್ತವೆ. ಚಡ್ಡಿ ಹಾಕಿ ಸೈಕಲ್ ಹೊಡೆಯುವ ಹುಡುಗಿಯನ್ನು ನೋಡಲು ಹುನಗುಂದದ ಚಹಾದಂಗಡಿಯವರು ಈಗ ಬೇಗನೇ ಏಳುತ್ತಾರೆ ಅಂತ ಕಾಕಾನ ಮಗಳು ಫರಹಾನಾ ಹೇಳುತ್ತಾಳೆ. ಅವಳು ನನ್ನ ಜೊತೆ ಅಷ್ಟು ದೂರ ಬರುವುದಿಲ್ಲ, ಊರ ಹೊರಗಿನ ಸೇತುವೆಯಿಂದ ತಿರುಗಿ ಬಿಡುತ್ತಾಳೆ.

ಅಪ್ಪನಿಗೆ ನಿನ್ನ ಪತ್ರ ಓದಿ ಹೇಳಿದೆ. ವಿಜ್ಞಾನ ಅವನಿಗೆ ಹಿಡಿಸಲಿಲ್ಲ, ರವಿವಾರ ಮಾತ್ರ ಹಿಡಿಸಿತು. "ಸೈಕಲ್ ಇಲ್ಲಂದ್ರ ಬಾ, ಮಗ್ಗಕ್ಕ ಕೂಡು. ನಿನ್ನ ಕಾಲಿಗೆ ಆರಾಮೂ ಆತು, ನಮ್ಮ ಸೀರಿನೂ ಆತು" ಅಂದ. ಹಾಗೇ ಒಪ್ಪಂದವಾಗಿದೆ. ಸೈಕಲ್ಲಿನ ದಿನ ಮಧ್ಯಾಹ್ನದ ಮೇಲೆ ಮಗ್ಗ, ರವಿವಾರ ಬೆಳಗಿನಿಂದ ದೀಪ ಹಚ್ಚುವ ತನಕ. ಮಗ್ಗದ ಕೆಳಗಿನ ಕುಣಿಯ ತಂಪಿನಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ, ರೇಡಿಯೋ ಕೇಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಿನ್ನ ಮಾತು ಮೀರಿಲ್ಲ. ರವಿವಾರ ಹೊಸಲು ಸಹ ದಾಟುವುದಿಲ್ಲ.

ಅಮೀನಗಡದ ದಿನ ಮಾತ್ರ ಮನೆ ಮುಟ್ಟುವಷ್ಟರಲ್ಲಿ ದಣಿದು ಕಾಲು ಬರುವುದಿಲ್ಲ. ನಾಡಿ ಅರವತ್ತೆರಡು. ಇದು ಒಳ್ಳೆಯದೋ ಕೆಟ್ಟದ್ದೋ?

ಯಮನವ್ವ


ಪುಣೆ
12 ಅಕ್ಟೋಬರ್ 2003

ಯಮನವ್ವಾ,

ಒಳ್ಳೆಯದು. ಭಾಳ ಒಳ್ಳೆಯದು. ನಿನ್ನ ನಾಡಿಯನ್ನು ನಮ್ಮ ಪ್ರಯೋಗಶಾಲೆಯ ಹುಡುಗರಿಗೆ ತೋರಿಸಿದೆ. ಇವಳು ಏನು ತಿನ್ನುತ್ತಾಳೆ ಅಂತ ಕೇಳಿದರು. ಜೋಳದ ರೊಟ್ಟಿ, ಹೆಸರುಕಾಳು, ಮೇಲೆ ಅಮೀನಗಡದ ಕರದಂಟು ಅಂದೆ. ಕರದಂಟು ಅಂದರೆ ಏನು ಅಂತ ವಿವರಿಸುವುದರಲ್ಲಿ ನನ್ನ ಬಾಯಲ್ಲೇ ನೀರು ಬಂತು.

ನೀನು ಹೋದ ಸಲ ಬರೆದ ದಣಿವಿನ ವಿಷಯ ಯೋಚನೆ ಮಾಡಿದೆ. ಅಮೀನಗಡದ ದಿನ ಕೊನೆಗೆ ಕಾಲು ಬರುವುದಿಲ್ಲ ಅಂದರೆ ವಿಶ್ರಾಂತಿ ಸಾಲುತ್ತಿಲ್ಲ. ಪುಸ್ತಕವೂ ಅದನ್ನೇ ಹೇಳುತ್ತದೆ. ಇನ್ನು ಮೇಲೆ ಬುಧವಾರವೂ ವಿಶ್ರಾಂತಿ. ಬುಧವಾರ, ರವಿವಾರ ಎರಡೂ ದಿನ ಸೈಕಲ್ ಗೋಡೆಗೆ ಆನಿಸಿಟ್ಟು ಅದರ ಕಡೆ ನೋಡಲೂ ಬೇಡ. ಖಾಸಿಂಸಾಬ ಕಾಕಾ ಬೈದರೆ ಬೈಯಲಿ, ಅವನ ಕಾಲದಲ್ಲಿ ಪುಸ್ತಕ ಇರಲಿಲ್ಲ.

ಇಲ್ಲಿ ಒಂದು ಸಂಗತಿ ನನಗೆ ಬೇಸರ ತರುತ್ತದೆ. ಇಲ್ಲಿನ ಹುಡುಗರು ಆಡಿ ಗೆದ್ದು ಬಂದವರಲ್ಲ, ಹೆಚ್ಚಿನವರು ಆಡಿಯೇ ಇಲ್ಲ. ಆದರೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ನಾನು ಬಾಯಿ ಬಿಟ್ಟರೆ ನಗುತ್ತಾರೆ. ಅವರ ಎದುರು ಇಡಲು ನನ್ನ ಹತ್ತಿರ ಇರುವುದು ನೀನೊಬ್ಬಳೇ. ಅದನ್ನು ನೆನಪಿಡು.

ರಾಜಕುಮಾರ


ಇಳಕಲ್
9 ನವೆಂಬರ್ 2003

ಅಣ್ಣಾ,

ಬಾಗಲಕೋಟೆಯ ರೇಸಿನಲ್ಲಿ ಎರಡನೆಯವಳಾದೆ. ಮೊದಲನೆಯವಳು ನನಗಿಂತ ಒಂದು ಚಕ್ರದಷ್ಟೇ ಮುಂದಿದ್ದಳು. ಕಾಕಾ ತನ್ನ ಟೋಪಿ ತೆಗೆದು ನನಗೆ ಗಾಳಿ ಹಾಕಿದ. ಅವ್ವ ಬರುವವರಿಗೆಲ್ಲ ಚಹಾ ಮಾಡಿ ಮಾಡಿ ಸಕ್ಕರೆ ಖಾಲಿ ಮಾಡಿದಳು.

ಬುಧವಾರದ ವಿಶ್ರಾಂತಿ ಅಪ್ಪನಿಗೆ ಹಬ್ಬವಾಗಿದೆ. ಈಗ ವಾರಕ್ಕೆ ಎರಡು ದಿನ ಪೂರ್ತಿ ಮಗ್ಗದ ಮೇಲೆ ಸಿಗುತ್ತೇನಲ್ಲ. ನಿನ್ನ ಯೂನಿವರ್ಸಿಟಿ ಮನೆಗೂ ಉಪಯೋಗಕ್ಕೆ ಬಂತು ಅಂತ ನೆರೆಯವರ ಮುಂದೆ ಹೇಳುತ್ತಾನೆ. ಸೆರಗಿನ ಎಳೆ ಕೂಡಿಸುವುದರಲ್ಲಿ ನನ್ನ ಕೈ ನಿನಗಿಂತ ಒಳ್ಳೆಯದು ಅಂತಲೂ ಹೇಳಿದ. ಸಿಟ್ಟಾಗಬೇಡ, ಖರೆ ಅದು.

ಒಂದು ಮಾತು ಕೇಳಬೇಕು. ಗುರುವಾರ ಮತ್ತು ಸೋಮವಾರ ಬೆಳಿಗ್ಗೆ ನನ್ನ ಕಾಲು ಭಾರ ಇರುತ್ತವೆ. ಅಂದರೆ ವಿಶ್ರಾಂತಿಯ ಮರುದಿನವೇ. ಸೈಕಲ್ ಹೊಡೆದ ದಿನದ ಮರುದಿನ ಇಷ್ಟು ಇರುವುದಿಲ್ಲ. ಸುಮ್ಮನೆ ಕೂತದ್ದಕ್ಕೆ ಹೀಗಾಗುತ್ತದೆಯೇ? ಸೋಮಾರಿಯಾಗಿದ್ದೇನೋ ಏನೋ.

ನಾಡಿ ಅರವತ್ತು.

ಯಮನವ್ವ


ಪುಣೆ
30 ನವೆಂಬರ್ 2003

ಯಮನವ್ವಾ,

ಎರಡನೆಯ ಸ್ಥಾನದ ಸುದ್ದಿಯನ್ನು ಹಾಸ್ಟೆಲ್ಲಿಗೆಲ್ಲ ಸಾರಿದೆ. ನೆರೆಕೋಣೆಯ ನಗುವವರು ನಗಲಿಲ್ಲ.

ಮರುದಿನ ಕಾಲು ಭಾರವಾಗುವುದು ಪುಸ್ತಕದಲ್ಲಿದೆ. ಓಡುವ ಶರೀರ ನಿಂತರೆ ಒಮ್ಮೆ ಜಡವಾಗುತ್ತದೆ, ಮತ್ತೆ ಬಿಸಿಯಾದರೆ ಸರಿಹೋಗುತ್ತದೆ. ಚಿಂತೆ ಮಾಡಬೇಡ. ನಾಡಿ ಇಳಿಯುತ್ತಿದೆ, ಅದೇ ಸಾಕ್ಷಿ. ಕಾಲು ಸುಳ್ಳು ಹೇಳಬಹುದು, ನಾಡಿ ಹೇಳುವುದಿಲ್ಲ ಅಂತ ನಮ್ಮ ಬೆಳಗಿನ ಪ್ರೊಫೆಸರು ಹೇಳುತ್ತಾರೆ.

ಮಧ್ಯಾಹ್ನದ ತರಗತಿಯಿಂದ ಒಂದು ದೊಡ್ಡ ಸುದ್ದಿ ಇದೆ. ಪ್ರತಿಯೊಬ್ಬರೂ ಒಬ್ಬ ಆಟಗಾರನನ್ನು ಆರಿಸಿ, ಅವನಿಗೆ ಖರೇ ಖರೇ ಒಬ್ಬ ಪ್ರಾಯೋಜಕನನ್ನು ಹುಡುಕಬೇಕು. ಎಲ್ಲರೂ ಕ್ರಿಕೆಟ್ಟಿನವರ ಹಿಂದೆ ಬಿದ್ದಿದ್ದಾರೆ. ನಾನು ನಿನ್ನನ್ನು ಆರಿಸಿದೆ. ನೇಕಾರರ ಮನೆಯ ಹುಡುಗಿ, ಕುಣಿಮಗ್ಗದಿಂದ ಎದ್ದು ಬಂದು ರೇಸ್ ಸೈಕಲ್ ಹತ್ತುತ್ತಾಳೆ ಅಂತ ಶುರು ಮಾಡಿದೆ. ಪ್ರೊಫೆಸರು ಪೆನ್ನು ಕೆಳಗಿಟ್ಟು ಕೇಳಿದರು. ಇಲ್ಲಿಗೆ ಬಂದ ಮೇಲೆ ನನ್ನ ಮಾತನ್ನು ಒಬ್ಬರು ಪೂರ್ತಿ ಕೇಳಿದ್ದು ಅದೇ ಮೊದಲು. ಮಗ್ಗದ ಮೇಲೆ ಕೂತ ನಿನ್ನ ಒಂದು ಫೋಟೋ ತೆಗೆಸಿ ಕಳಿಸು. ಸೈಕಲ್ ಮೇಲಿನದು ಸಹ ಇರಲಿ, ಆದರೆ ಮಗ್ಗದ್ದು ಮುಖ್ಯ.

ರಾಜಕುಮಾರ


ಇಳಕಲ್
8 ಫೆಬ್ರವರಿ 2004

ಅಣ್ಣಾ,

ಫೋಟೋ ಮುಟ್ಟಿರಬೇಕು. ಸ್ಟುಡಿಯೋದವನು ಮೂರು ಸಲ ಸೀರೆ ಬದಲಿಸಲು ಹೇಳಿದ. ಸೈಕಲ್ ಫೋಟೋ ಒಂದೇ ಏಟಿಗೆ ತೆಗೆದು ಮುಗಿಸಿದ.

ಬಲಮೊಣಕಾಲು ಮಡಚಿದರೆ ಕಟಕಟ ಅನ್ನುತ್ತದೆ. ನೋವಿಲ್ಲ. ಒಲೆಯ ಮುಂದೆ ಕೂತು ಎದ್ದಾಗ ಅವ್ವನಿಗೆ ಕೇಳಿಸಿತು, ಮುದುಕಿಯಾದೆ ಅಂತ ನಕ್ಕಳು. ಕಾಕಾ ಎಣ್ಣೆ ಹಚ್ಚು ಅಂದಿದ್ದಾನೆ. ಸೈಕಲ್ ಸೀಟು ಸ್ವಲ್ಪ ಏರಿಸಿದ್ದೇವೆ. ನಿನಗೆ ತಿಳಿಸಬೇಕಿತ್ತು ಅಂತ ಬರೆದೆ, ಅಷ್ಟೇ.

ನಾಡಿ ಅರವತ್ತು.

ಯಮನವ್ವ


ಪುಣೆ
21 ಮಾರ್ಚ್ 2004

ಪ್ರಿಯ ಯಮನವ್ವ,

ಇಲ್ಲಿಯ ಒಂದು ಟಾಯರ್ ಕಂಪನಿಯವರು ನಿನ್ನ ಫೋಟೋ ನೋಡಿದ್ದಾರೆ. ಮುಂದಿನ ತಿಂಗಳು ಅವರ ಜನ ಕ್ಯಾಮೆರಾ ಹಿಡಿದು ಇಳಕಲ್ಲಿಗೆ ಬರುತ್ತಾರೆ. ಹೊಸ ಸೈಕಲ್ ಕೊಡುವ ವಿಚಾರ ಇದೆ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ನಿನ್ನ ಚಿತ್ರ ಇಡೀ ಕರ್ನಾಟಕದ ಟಾಯರ್ ಅಂಗಡಿಗಳಲ್ಲಿ ಹಚ್ಚುತ್ತಾರೆ. ಅವರು ನನ್ನ ಹೆಸರನ್ನೂ ಬರೆದುಕೊಂಡಿದ್ದಾರೆ, ಕೋರ್ಸು ಮುಗಿದ ಮೇಲೆ ಬಂದು ಕಾಣು ಅಂದಿದ್ದಾರೆ.

ಅವರು ಬಂದಾಗ ಮಗ್ಗ ಖಾಲಿ ಇರಬಾರದು. ಒಳ್ಳೆಯ ಬಣ್ಣದ ಸೀರೆ ಹೂಡಿರಲಿ, ದಾಳಿಂಬೆ ಕೆಂಪಿನದಾದರೆ ಚೆನ್ನ. ಅಪ್ಪನಿಗೆ ಹೇಳು.

ಮೊಣಕಾಲಿನ ಸದ್ದು ಏನೂ ಅಲ್ಲ, ಒಳಗಿನ ಗಾಳಿಯ ಗುಳ್ಳೆ. ನಾಡಿ ಸ್ಥಿರವಾಗಿದೆ. ಅದನ್ನು ಗೆರೆ ಎಳೆದು ಕಂಪನಿಯವರಿಗೂ ತೋರಿಸಿದೆ, ಬೆರಗಾದರು.

ರಾಜಕುಮಾರ


ಇಳಕಲ್
2 ಮೇ 2004

ಅಣ್ಣಾ,

ನಿನ್ನ ಕಂಪನಿಯವರು ಬಂದು ಹೋದರು. ಎರಡು ದಿನ ಇದ್ದರು. ಒಂದು ಬೆಳಿಗ್ಗೆ ಗುಡೂರಿನ ದಾರಿಯಲ್ಲಿ ಸೈಕಲ್ ಹೊಡೆಸಿದರು, ಉಳಿದದ್ದೆಲ್ಲ ಮಗ್ಗ. ಬೆಳಕು ಸರಿ ಇಲ್ಲ ಅಂತ ಛಾವಣಿಯ ಎರಡು ಹಂಚು ತೆಗೆಸಿದರು. ಕಾಲು ತುಳಿಯುವುದು ಚೆನ್ನಾಗಿ ಕಾಣುತ್ತದೆ ಅಂತ ಒಬ್ಬನು ಕುಣಿಯೊಳಗೇ ಇಳಿದು ಕ್ಯಾಮೆರಾ ಇಟ್ಟುಕೊಂಡು ಕೂತ. ತುಳಿ, ಇನ್ನೂ ತುಳಿ, ನಿಲ್ಲಬೇಡ ಅನ್ನುತ್ತಿದ್ದ. ಓಣಿಯ ಜನವೆಲ್ಲ ಬಾಗಿಲಲ್ಲಿ. ಅಪ್ಪ ಹೊಸ ಅಂಗಿ ಹಾಕಿ ಗೋಡೆಗೆ ಒರಗಿ ನಿಂತಿದ್ದ, ಅವನು ಅಷ್ಟು ಸಂತೋಷದಲ್ಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಅವರು ಹೋದ ಮೇಲೆ ದಾಳಿಂಬೆ ಸೀರೆಗೆ ಎರಡು ಕಡೆಯಿಂದ ಬೇಡಿಕೆ ಬಂದಿದೆ. ಈಗ ಸೈಕಲ್ಲಿನ ದಿನವೂ ಕತ್ತಲಾಗುವ ತನಕ ಕೂಡುತ್ತೇನೆ.

ಅಣ್ಣಾ, ನನ್ನದೊಂದು ಕೆಲಸ ಮಾಡಿಕೊಡು. ಆಯ್ಕೆ ಮುಗಿಯುವ ತನಕ ನನಗೆ ಮಗ್ಗ ಬೇಡ ಅಂತ ಅಪ್ಪನಿಗೆ ಒಂದು ಮಾತು ಬರೆ. ನಾನು ಹೇಳಿದರೆ ಸೊಕ್ಕು ಅಂತಾನೆ. ನೀನು ಬರೆದರೆ ವಿಜ್ಞಾನ ಅಂತ ಕೇಳುತ್ತಾನೆ. ಬೇರೆ ಏನೂ ಕಾರಣವಿಲ್ಲ. ಸೈಕಲ್ಲಿಗೆ ಇನ್ನೂ ಸ್ವಲ್ಪ ಹೊತ್ತು ಸಿಗಲಿ ಅಂತ ಅಷ್ಟೇ.

ನಾಡಿ ಅರವತ್ತು.

ಯಮನವ್ವ


ಪುಣೆ
6 ಜೂನ್ 2004

ಪ್ರಿಯ ಯಮನವ್ವ,

ಪರೀಕ್ಷೆಗಳಿದ್ದವು, ತಡವಾಯಿತು.

ನನ್ನ ಪ್ರಾಜೆಕ್ಟಿಗೆ ಮಧ್ಯಾಹ್ನದ ವಿಭಾಗದಲ್ಲಿ ಮೊದಲನೆಯ ಸ್ಥಾನ ಬಂತು. ಗೋಡೆಗೆ ಹಚ್ಚಿದ್ದರು. ಮಗ್ಗದ ಮೇಲಿನ ನಿನ್ನ ದೊಡ್ಡ ಚಿತ್ರ, ಪಕ್ಕದಲ್ಲಿ ನಿನ್ನ ತರಬೇತಿಯ ಪಟ್ಟಿ ಮತ್ತು ನಾಡಿಯ ಗೆರೆ. ಬೆಳಗಿನ ಪ್ರೊಫೆಸರು ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದು, ಈ ಹುಡುಗಿ ಹೀಗೆ ಎಷ್ಟು ಹೊತ್ತು ತುಳಿಯುತ್ತಾಳೆ ಅಂತ ಕೇಳಿದರು. ದಿನಾಲು ಇದ್ದೇ ಇರುತ್ತದೆ ಸರ್, ವಿಶ್ರಾಂತಿಯ ದಿನ ಪೂರ್ತಿ ಅಂದೆ. ಹಾಗಾದರೆ ನಿನ್ನ ಪಟ್ಟಿಯಲ್ಲಿ ವಿಶ್ರಾಂತಿ ಎಲ್ಲಿದೆ ಅಂತ ಕೇಳಿದರು. ಎರಡರಲ್ಲೂ ಅದೇ ಮೊಣಕಾಲು, ಅದೇ ಮಡಚುವುದು. ಈ ಮೊಣಕಾಲು ಉಳಿಯಬೇಕಾದರೆ ನಾಳೆಯೇ ಮಗ್ಗ ಬಿಡಿಸು ಅಂದರು.

ನಾನೂ ಅದೇ ಕುಣಿಯಲ್ಲಿ ಕೂತು ಬೆಳೆದವನು. ಒಂದು ದಿನವೂ ನನಗೆ ಅದು ಹೊಳೆಯಲಿಲ್ಲ. ನಮ್ಮಲ್ಲಿ ಮಗ್ಗವನ್ನು ದಣಿವು ಅಂತ ಯಾರು ಅಂದಿದ್ದಾರೆ?

ಆದರೆ ಅವರಿಗೆ ನಮ್ಮ ಕಡೆಯ ಸಂಗತಿ ಗೊತ್ತಿಲ್ಲ. ನಮ್ಮಜ್ಜಿ ಹೆರಿಗೆಯ ಹಿಂದಿನ ದಿನದ ತನಕ ನೇಯ್ದಳು ಅಂತ ಅಪ್ಪ ಹೇಳುತ್ತಾನೆ. ನಿನಗೆ ನೋವಿದ್ದರೆ ಬೇರೆ ಮಾತು. ನೀನೇ ಬೇರೆ ಕಾರಣವಿಲ್ಲ ಅಂತ ಬರೆದಿದ್ದೀ, ನಾಡಿಯೂ ಏರಿಲ್ಲ. ಕಂಪನಿಯವರು ಮಳೆಗಾಲದಲ್ಲಿ ಮತ್ತೊಮ್ಮೆ ಬಂದು ಉಳಿದ ಚಿತ್ರೀಕರಣ ಮುಗಿಸುತ್ತಾರೆ. ಮಗ್ಗ ಬಿಟ್ಟ ನೇಕಾರ ಹುಡುಗಿ ಅಂದರೆ ಅವರಿಗೆ ಕಥೆಯೇ ಉಳಿಯುವುದಿಲ್ಲ. ಡಿಸೆಂಬರ್ ತನಕ ಹೀಗೇ ನಡೆಯಲಿ. ಆಯ್ಕೆಯಾದ ಮರುದಿನ ಅಪ್ಪನಿಗೆ ನಾನೇ ಬರೆಯುತ್ತೇನೆ.

ರಾಜಕುಮಾರ


ಇಳಕಲ್
19 ಸೆಪ್ಟೆಂಬರ್ 2004

ಅಣ್ಣಾ,

ಎಲ್ಲ ಸರಿ ಇದೆ. ಕಂಪನಿಯವರು ಬಂದು ಹೋದರು. ಹೊಸ ಸೈಕಲ್ ಕೊಟ್ಟರು, ನಿನ್ನದಕ್ಕಿಂತ ಬಹಳ ಹಗುರ. ಕಾಕಾ ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡ.

ಬೇರೆ ವಿಶೇಷ ಇಲ್ಲ.

ನಾಡಿ ಅರವತ್ತು.

ಯಮನವ್ವ


ಪುಣೆ
28 ನವೆಂಬರ್ 2004

ಪ್ರಿಯ ಯಮನವ್ವ,

ಆಯ್ಕೆ ಡಿಸೆಂಬರ್ ಹತ್ತೊಂಬತ್ತಕ್ಕೆ ಅಂತ ತಿಳಿಯಿತು. ಬಾಗಲಕೋಟೆಯಿಂದ ಬಾದಾಮಿಗೆ ಹೋಗಿ ಮರಳುವ ದಾರಿ. ಏರಿನಲ್ಲಿ ಮೊದಲೇ ಶಕ್ತಿ ಸುರಿಯಬೇಡ. ಬಾದಾಮಿಯ ತಿರುವಿನಲ್ಲಿ ಕಂಪನಿಯ ಕ್ಯಾಮೆರಾ ಇರುತ್ತದೆ. ಅಲ್ಲಿ ಮುಂದಿನ ಗುಂಪಿನಲ್ಲಿ ಕಾಣಿಸಿಕೊಂಡರೆ ಒಳ್ಳೆಯದು. ಅಂಗಿಯ ಮೇಲಿನ ಹೆಸರು ಮುಚ್ಚುವ ಹಾಗೆ ಏನನ್ನೂ ಹೊದ್ದುಕೊಳ್ಳಬೇಡ.

ನನಗೆ ಬರಲು ಆಗುವುದಿಲ್ಲ. ಅದೇ ವಾರ ಕಂಪನಿಯಲ್ಲಿ ನನ್ನ ಸಂದರ್ಶನ. ಧೈರ್ಯದಿಂದಿರು.

ರಾಜಕುಮಾರ


ಇಳಕಲ್
9 ಜನವರಿ 2005

ಅಣ್ಣಾ,

ನೀನು ಕಾಕಾನ ಅಂಗಡಿಯ ಫೋನಿಗೆ ಎರಡು ಸಲ ಮಾಡಿದೆಯಂತೆ. ನನಗೆ ಅಲ್ಲಿಯ ತನಕ ನಡೆಯಲು ಆಗುವುದಿಲ್ಲ. ಅವ್ವ ಫೋನಿನಲ್ಲಿ ಅತ್ತದ್ದು ಬಿಟ್ಟು ಏನು ಹೇಳಿದಳೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಾದಾಮಿಯ ತನಕ ನಾನು ಮೂರನೆಯವಳಾಗಿದ್ದೆ. ಮೊದಲ ನಾಲ್ಕು ಜನರನ್ನು ತೆಗೆದುಕೊಳ್ಳುತ್ತಾರೆ ಅಂತ ಹೇಳಿದ್ದರು. ಹಿಂದಿನ ರಾತ್ರಿ ಫರಹಾನಾ ಮೊಣಕಾಲಿಗೆ ಬಟ್ಟೆ ಬಿಗಿದು ಕಟ್ಟಿದ್ದಳು, ಬಾವು ಕಾಣದಿರಲಿ ಅಂತ ಮೇಲೆ ಉದ್ದ ಕಾಲುಚೀಲ. ತಿರುವಿನಲ್ಲಿ ಕ್ಯಾಮೆರಾ ಕಂಡಿತು. ಎದ್ದು ನಿಂತು ತುಳಿದೆ. ಒಳಗೆ ಏನೋ ಕಿತ್ತ ಹಾಗಾಯಿತು. ಆಮೇಲೆ ಕಾಲು ಮಡಚಲೂ ಬರಲಿಲ್ಲ, ಚಾಚಲೂ ಬರಲಿಲ್ಲ. ಒಂದೇ ಕಾಲಿನಿಂದ ಸ್ವಲ್ಪ ದೂರ ಹೊಡೆದೆ. ಒಬ್ಬೊಬ್ಬರೇ ಪಕ್ಕದಿಂದ ದಾಟಿ ಹೋದರು. ಖಾಸಿಂಸಾಬ ಕಾಕಾ ಮೊಪೆಡ್ ಬಿಟ್ಟು ಓಡಿ ಬಂದು ಸೈಕಲ್ ಹಿಡಿದ. "ಇಳಿಯವ್ವಾ, ಸಾಕು, ಇಳಿ" ಅಂದ. ನಾನು ಇಳಿಯಲಿಲ್ಲ, ಅವನೇ ಎತ್ತಿ ಇಳಿಸಿದ.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಅಪ್ಪನಿಗೆ ತಿಳಿಯುವ ಹಾಗೆ ಹೇಳಿದರು. ಮೊಣಕಾಲ ಚಿಪ್ಪಿನ ಕೆಳಗೆ ಒಂದು ಮೆತ್ತನೆಯ ಗಾದಿ ಇರುತ್ತದೆ, ಅದು ಬಹಳ ದಿನದಿಂದ ಸವೆದಿದೆ, ಈಗ ಒಂದು ತುಂಡು ಕಿತ್ತು ಬಂದಿದೆ ಅಂತ. ತುಂಡು ತೆಗೆದಿದ್ದಾರೆ. ಗಾದಿ ಮತ್ತೆ ಬೆಳೆಯುವುದಿಲ್ಲ. ಸೈಕಲ್ ಇನ್ನಿಲ್ಲ. ಕುಣಿಗೆ ಇಳಿಯುವುದೂ ಇಲ್ಲ ಅಂದಾಗ ಅಪ್ಪ ಡಾಕ್ಟರ ಮುಖ ನೋಡಿದ, "ಅದು ಕೂಡೋ ಕೆಲಸರೀ" ಅಂದ. ಅವರು ಆಗುವುದಿಲ್ಲ ಅಂತ ತಲೆ ಅಲ್ಲಾಡಿಸಿದರು.

ಹೊಸ ಸೈಕಲ್ ತೆಗೆದುಕೊಂಡು ಹೋಗಲು ಕಂಪನಿಯವರು ಒಬ್ಬನನ್ನು ಕಳಿಸಿದ್ದರು. ಕೊಟ್ಟು ಕಳಿಸಿದೆವು.

ನಿನ್ನ ಸಂದರ್ಶನ ಏನಾಯಿತು?

ಯಮನವ್ವ


ಪುಣೆ
27 ಫೆಬ್ರವರಿ 2005

ಪ್ರಿಯ ಯಮನವ್ವ,

ಪತ್ರ ಓದಿ ಬಹಳ ದುಃಖವಾಯಿತು. ಇಷ್ಟು ದಿನ ಏನು ಬರೆಯಬೇಕೆಂದು ತಿಳಿಯಲಿಲ್ಲ. ಕ್ರೀಡೆಯಲ್ಲಿ ಇಂಥವು ನಡೆಯುತ್ತವೆ. ದೊಡ್ಡ ದೊಡ್ಡ ಆಟಗಾರರಿಗೂ ನಡೆದಿವೆ.

ನಿನ್ನ ನಾಡಿ ಕೊನೆಯ ತನಕ ಸರಿಯಾಗಿತ್ತು. ಹಾಗಿದ್ದೂ ಹೇಗಾಯಿತು ಅಂತ ನನಗೂ ಅರ್ಥವಾಗುತ್ತಿಲ್ಲ. ಮನಸ್ಸು ಗಟ್ಟಿ ಮಾಡಿಕೊ. ಸಂದರ್ಶನ ಚೆನ್ನಾಗಿ ಆಯಿತು.

ರಾಜಕುಮಾರ


ಇಳಕಲ್
20 ಮಾರ್ಚ್ 2005

ಅಣ್ಣಾ,

ನಿನಗೆ ಅರ್ಥವಾಗುತ್ತಿಲ್ಲ ಅಂತ ಬರೆದದ್ದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ನಿನ್ನ ಓದಿನ ಮೇಲೆ ನಿನಗೇ ಸಂಶಯ ಬರಬಾರದು. ತಪ್ಪು ನಿನ್ನ ಪಟ್ಟಿಯದಲ್ಲ. ಎರಡು ಸಂಗತಿ ನಿನ್ನಿಂದ ಮುಚ್ಚಿಟ್ಟಿದ್ದೇನೆ.

ನಾಡಿ ಅರವತ್ತು ಅಂತ ಬರೆದದ್ದು ಸುಳ್ಳು. ಹೋದ ವರ್ಷ ಸಂಕ್ರಾಂತಿಯ ನಂತರ ಅದು ಏರುತ್ತಲೇ ಇತ್ತು. ಅರವತ್ತು ಅಂದಾಗ ನೀನು ಸಂತೋಷಪಟ್ಟಿದ್ದೆ, ಅದಕ್ಕೇ ಪ್ರತಿ ಸಲ ಅದನ್ನೇ ಬರೆದೆ. ನೋವೂ ಆಗಿನಿಂದ ಇತ್ತು. ನಿನ್ನ ಜೊತೆಯ ಹುಡುಗರು ಮತ್ತೆ ನಗುತ್ತಾರೆ ಅಂತ ಬರೆಯಲಿಲ್ಲ.

ಇನ್ನೊಂದು ದೊಡ್ಡದು. ಹೋದ ವರ್ಷದ ಜನವರಿಯಲ್ಲಿ ಒಂದು ರವಿವಾರ ಅಪ್ಪ, ಅವ್ವ ಮದುವೆಗೆ ಹೋಗಿದ್ದರು. ಮಗ್ಗದಲ್ಲಿ ಸೀರೆ ಮುಗಿದಿತ್ತು. ನಾನು ಮತ್ತು ಫರಹಾನಾ ನಿನ್ನ ಹಳೆಯ ಸೈಕಲ್ಲು, ಅವರ ಅಂಗಡಿಯ ಒಂದು ಬಾಡಿಗೆ ಸೈಕಲ್ಲು ತೆಗೆದುಕೊಂಡು ಐಹೊಳೆಗೆ ಹೋದೆವು. ನೀನು ವಿಶ್ರಾಂತಿ ಅಂದ ದಿನ. ಯಾರ ಜೊತೆಗೂ ಪೈಪೋಟಿ ಇರಲಿಲ್ಲ, ಹಿಂದೆ ಮೊಪೆಡ್ ಇರಲಿಲ್ಲ. ದಾರಿಯುದ್ದಕ್ಕೂ ಕಡಲೆ ಹೊಲ. ಒಂದು ಗುಡಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಉಂಡೆವು. ಫರಹಾನಾ ಎರಡೂ ಕೈ ಬಿಟ್ಟು ಸೈಕಲ್ ಹೊಡೆಯಲು ಹೋಗಿ ಹೊಲದಲ್ಲಿ ಬಿದ್ದಳು. ನಕ್ಕು ನಕ್ಕು ನನಗೆ ಸೈಕಲ್ ಹತ್ತಲು ಆಗಲಿಲ್ಲ. ಸಂಜೆ ಯಾರೂ ಕೇಳುವ ಮೊದಲೇ ಮನೆಗೆ ಬಂದೆವು. ಅದಾದ ಕೆಲವೇ ದಿನಕ್ಕೆ ಮೊಣಕಾಲು ಕಟಕಟ ಅನ್ನತೊಡಗಿತು.

ವಿಶ್ರಾಂತಿ ಮುರಿದದ್ದು ಅದೊಂದೇ ದಿನ. ಉಳಿದ ಎಲ್ಲ ಬುಧವಾರ, ಎಲ್ಲ ರವಿವಾರ ನಾನು ಮನೆಯಲ್ಲೇ ಇದ್ದೇನೆ, ಮಗ್ಗ ಬಿಟ್ಟು ಎದ್ದಿಲ್ಲ. ಅಪ್ಪನನ್ನು ಕೇಳು. ನಿನ್ನ ಪ್ರೊಫೆಸರು ಮಗ್ಗದ ಮಾತು ಅಂದಿದ್ದರು, ಆದರೆ ಅವರಿಗೆ ನಮ್ಮ ಕಡೆಯ ಸಂಗತಿ ಗೊತ್ತಿಲ್ಲ ಅಂತ ನೀನೇ ಬರೆದಿದ್ದೆ. ಆ ಐಹೊಳೆಯಿಂದಲೇ ಹೀಗಾಯಿತೇ? ನೀನು ಓದಿದವನು, ಖರೆ ಹೇಳು. ಹೌದು ಅಂದರೂ ನನಗೆ ಸಿಟ್ಟಿಲ್ಲ. ಬೇರೆ ಏನಾದರೂ ಇದ್ದರೆ ಅದನ್ನಾದರೂ ಹೇಳು. ದಿನವೆಲ್ಲ ಗೋಡೆಗೆ ಒರಗಿ ಕೂತಿರುತ್ತೇನೆ, ಇದೊಂದೇ ತಲೆಯಲ್ಲಿ ತಿರುಗುತ್ತದೆ.

ಯಮನವ್ವ


ಪುಣೆ
8 ಮೇ 2005

ಪ್ರಿಯ ಯಮನವ್ವಳಿಗೆ ಶುಭಾಶಯಗಳು,

ಕಾರ್ಯಬಾಹುಳ್ಯದಿಂದ ಉತ್ತರ ತಡವಾಯಿತು, ಕ್ಷಮೆ ಇರಲಿ. ಕೋರ್ಸು ಎರಡೂ ವಿಭಾಗಗಳಲ್ಲಿ ಮೊದಲ ದರ್ಜೆಯಲ್ಲಿ ಮುಗಿಯಿತು. ಕಂಪನಿಯಲ್ಲಿ ಒಂದನೆಯ ತಾರೀಖಿನಿಂದ ಕೆಲಸಕ್ಕೆ ಸೇರಿದ್ದೇನೆ. ಆಟಗಾರರನ್ನು ಹುಡುಕಿ ಒಪ್ಪಂದ ಮಾಡಿಸುವ ವಿಭಾಗ. ಮಗ್ಗದ ಮೇಲಿನ ನಿನ್ನ ಚಿತ್ರ ಅವರಿಗೆ ಇನ್ನೂ ಇಷ್ಟ. ರಾಜ್ಯ ತಂಡದ ವಿಷಯ ತೆಗೆದುಹಾಕಿ ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಬಳಸುತ್ತಾರಂತೆ.

ನೀನು ಕೇಳಿದ ಪ್ರಶ್ನೆಯ ಬಗ್ಗೆ ಯೋಚಿಸಿದೆ. ಇಂಥ ಗಾಯಕ್ಕೆ ಇದೇ ಕಾರಣ ಎಂದು ಬೆರಳು ಮಾಡಿ ತೋರಿಸುವುದು ವಿಜ್ಞಾನಕ್ಕೂ ಕಷ್ಟ. ಆದರೆ ವಿಶ್ರಾಂತಿಯ ದಿನ ಅಷ್ಟು ದೂರ ಹೋಗಬಾರದಾಗಿತ್ತು, ಅದು ನಿಜ. ಆದದ್ದು ಆಯಿತು. ಇನ್ನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಪ್ಪ, ಅವ್ವ ಇಬ್ಬರಿಗೂ ನಮಸ್ಕಾರ ತಿಳಿಸು.

ರಾಜಕುಮಾರ


ಇಳಕಲ್
22 ಮೇ 2005

ಅಣ್ಣಾ,

ನಿನ್ನ ಪತ್ರ ಮುಟ್ಟಿತು. ಕೆಲಸದ ಸುದ್ದಿ ಕೇಳಿ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ನಿನ್ನ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿದ.

ಐಹೊಳೆಯದೇ ತಪ್ಪು ಅಂತ ನೀನೇ ಹೇಳಿದ ಮೇಲೆ ತಲೆ ಹಗುರಾಯಿತು. ತಿಳಿಯದೇ ಇರುವುದಕ್ಕಿಂತ ಇದು ಒಳ್ಳೆಯದು.

ನಿನ್ನೆ ಫರಹಾನಾ ಬಂದಿದ್ದಳು. ನನ್ನನ್ನು ನಗಿಸಬೇಕು ಅಂತ ಅವಳು ಹೊಲದಲ್ಲಿ ಬಿದ್ದದ್ದನ್ನು ಮತ್ತೆ ಹೇಳಲು ಶುರು ಮಾಡಿದಳು. ಆ ದಿನದ ಮಾತು ಇನ್ನು ಯಾವತ್ತೂ ನನ್ನ ಮುಂದೆ ತೆಗೆಯಬೇಡ ಅಂತ ಅವಳಿಗೆ ಹೇಳಿದ್ದೇನೆ.

ಯಮನವ್ವ